ಹೆಗಲು ಕೊಡುವ ಧರ್ಮ

ಹುಟ್ಟಿದ ಊರಿನ ನೆಲ, ಕೆರೆ, ದೇವರು ಮತ್ತು ಹಿರಿಯರ ಸಮಾಧಿಗಳಿಗೆ ಅಂಟಿಕೊಂಡು ಬೆಳೆದ ಧರ್ಮವನ್ನು ಆ ಊರು ಬಿಟ್ಟುಹೋದವರು ಎಷ್ಟರಮಟ್ಟಿಗೆ ಪಾಲಿಸಬಲ್ಲರು, ಪಾಲಿಸಲಾಗದೆ ಉಳಿದದ್ದಕ್ಕೆ ಅವರು ಎಷ್ಟರಮಟ್ಟಿಗೆ ಹೊಣೆಗಾರರು ಎಂಬ ಪ್ರಶ್ನೆ ಹಳೆಯದೇ ಆದರೂ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ಅದು ಈಗ ದಿನನಿತ್ಯದ ಪ್ರಶ್ನೆಯಾಗಿದೆ. 2008ರ ಮೇ ತಿಂಗಳಲ್ಲಿ ಈ ತಾಲ್ಲೂಕಿನಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ, ನಿಲ್ದಾಣದ ಕಡೆಯಿಂದ ಹಳೆ ಮದ್ರಾಸ್ ರಸ್ತೆಗೆ ಸಾಗುವ ದಾರಿಯಲ್ಲಿರುವ ಬೂದಿಗೆರೆಯಂಥ ಊರುಗಳಿಗೆ ಅಮೆರಿಕ ಮೊದಲಿನಷ್ಟು ದೂರದ ದೇಶವಾಗಿ ಉಳಿದಿಲ್ಲ. ಓದಿದ ಮಕ್ಕಳು ನ್ಯೂಜೆರ್ಸಿಗೋ ಟೆಕ್ಸಾಸಿಗೋ ಹೋಗಿ ನೆಲೆಸಿದರೆ ತಂದೆಯ ತಿಥಿಯನ್ನು ಯಾರು, ಎಲ್ಲಿ, ಹೇಗೆ ಮಾಡಬೇಕೆಂಬುದು ಆ ಮನೆ ಉತ್ತರಿಸಿಕೊಳ್ಳಲೇಬೇಕಾದ ಪ್ರಶ್ನೆಯಾಗುತ್ತದೆ.

ಈ ಸೀಮೆಯ ಧಾರ್ಮಿಕ ಬದುಕು ನೆಲಕ್ಕೆ ಎಷ್ಟು ಗಟ್ಟಿಯಾಗಿ ಬೆಸೆದುಕೊಂಡಿದೆ ಎಂಬುದನ್ನು ಮೊದಲು ಗಮನಿಸಬೇಕು. ಮನೆದೇವರು, ಅಂದರೆ ಒಂದು ಮನೆತನ ತಲೆಮಾರುಗಳಿಂದ ನಡೆದುಕೊಂಡು ಬಂದ ದೇವರು, ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯನಾಗಿರಬಹುದು, ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಗಂಗಾಧರೇಶ್ವರನಾಗಿರಬಹುದು. ಮಗುವಿನ ಮೊದಲ ಮುಡಿಯನ್ನು ಅಲ್ಲಿಯೇ ಕೊಡಬೇಕೆಂಬುದು ಒಕ್ಕಲಿನ ಕಟ್ಟು. ಗ್ರಾಮದೇವತೆಗಂತೂ ಊರಿನ ಎಲ್ಲೆಯೇ ಎಲ್ಲೆ: ಹಬ್ಬದ ದಿನ ಮನೆಗೊಂದರಂತೆ ಹೊರಡುವ ತಂಬಿಟ್ಟಿನ ಆರತಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ತವರಿಗೆ ಬಂದು ಸೇರುತ್ತಾರೆ. ಸತ್ತವರನ್ನು ಸ್ವಂತ ಹೊಲದಲ್ಲಿಯೇ ಮಣ್ಣು ಮಾಡುವ ಮನೆತನಗಳು ಇಲ್ಲಿ ಅನೇಕ ಇದ್ದು, ಮಹಾಲಯ ಅಮಾವಾಸ್ಯೆಯ ಸುಮಾರಿಗೆ ಹಿರಿಯರ ಹೆಸರಿನಲ್ಲಿ ಎಡೆ ಇಡುವಾಗ ಆ ಹೊಲವೂ ಸಮಾಧಿಯೂ ನೆನಪಿನ ಭಾಗವಾಗಿಯೇ ಬರುತ್ತವೆ. ಹೀಗಿರುವಾಗ ಊರು ಬಿಟ್ಟವರು ವಿಳಾಸವನ್ನಷ್ಟೇ ಅಲ್ಲ, ದೇವರು ಮತ್ತು ಪಿತೃಗಳ ಸಮ್ಮುಖವನ್ನೂ ಬಿಟ್ಟು ಹೋಗುತ್ತಾರೆ ಎಂಬ ಹಿರಿಯರ ಅಳಲನ್ನು ಮೌಢ್ಯವೆಂದು ತಳ್ಳಿಹಾಕುವುದು ಸರಿಯಲ್ಲ.

ಶಾಸ್ತ್ರಗ್ರಂಥಗಳಲ್ಲಿ ಈ ಅಳಲಿಗೆ ಆಧಾರ ಹುಡುಕುವವರು ಸಾಮಾನ್ಯವಾಗಿ ಬೌಧಾಯನ ಧರ್ಮಸೂತ್ರವನ್ನು ಮುಂದಿಡುತ್ತಾರೆ. ಸಮುದ್ರಯಾನವನ್ನು ಮನುಷ್ಯನನ್ನು ಪತಿತನನ್ನಾಗಿಸುವ ಕೃತ್ಯಗಳ ಸಾಲಿನಲ್ಲಿ ಆ ಗ್ರಂಥ ಎಣಿಸಿದೆ. ಕಲಿಯುಗದಲ್ಲಿ ಬಿಡಬೇಕಾದ ಆಚಾರಗಳು ಎಂಬರ್ಥದ ‘ಕಲಿವರ್ಜ್ಯ’ಗಳ ಪಟ್ಟಿಗಳಲ್ಲಿಯೂ ಮಧ್ಯಯುಗದ ಗ್ರಂಥಕಾರರು ಅದನ್ನು ಸೇರಿಸಿದರು. ಆದರೆ ಅದೇ ಬೌಧಾಯನನು ಗ್ರಂಥದ ಆರಂಭದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಇರುವ ಆಚಾರಭೇದಗಳನ್ನು ಹೇಳುವಾಗ ಸಮುದ್ರಯಾನವನ್ನು ಉತ್ತರದವರ ರೂಢಿಗಳಲ್ಲಿ ಒಂದೆಂದು ಗುರುತಿಸಿ, ಆಯಾ ದೇಶದ ಆಚಾರಕ್ಕೆ ಆಯಾ ದೇಶದಲ್ಲಿ ಪ್ರಾಮಾಣ್ಯವಿದೆ ಎಂಬ ನಿಲುವನ್ನೂ ಉಲ್ಲೇಖಿಸಿದ್ದಾನೆ ಎಂಬುದನ್ನು ನಿಷೇಧವಾದಿಗಳು ನೆನೆಯುವುದು ಕಡಿಮೆ.

ನಿಷೇಧಕ್ಕಿಂತ ಹೆಚ್ಚು ಅರ್ಥಪೂರ್ಣವಾದ ಚಿಂತನೆ ಕನ್ನಡ ನೆಲದಲ್ಲಿಯೇ ಬೆಳೆದ ಎರಡು ಗ್ರಂಥಗಳ ಸುತ್ತ ಸಿಗುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರಾ’ ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ವ್ಯಾಖ್ಯಾನ. ದೂರದೇಶದಲ್ಲಿರುವವನಿಗೆ ಬಂಧುವಿನ ಸಾವಿನ ಸುದ್ದಿ ತಡವಾಗಿ ಮುಟ್ಟಿದರೆ ಏನು ಮಾಡಬೇಕೆಂಬುದನ್ನು ಆ ಸ್ಮೃತಿ ನೇರವಾಗಿ ಕೈಗೆತ್ತಿಕೊಂಡಿದೆ: ಸೂತಕದ ಅವಧಿ ಮುಗಿಯುವ ಮೊದಲೇ ಸುದ್ದಿ ಬಂದರೆ ಉಳಿದ ದಿನಗಳನ್ನಷ್ಟೇ ಆಚರಿಸಬೇಕು, ಅವಧಿ ಮುಗಿದಿದ್ದರೆ ತರ್ಪಣದ ನೀರು ಬಿಟ್ಟು ಶುದ್ಧನಾಗಬೇಕು. ‘ದೇಶಾಂತರ’ ಎಂದರೆ ಯಾವುದೆಂಬ ಪ್ರಶ್ನೆಗೆ, ನಡುವೆ ಮಹಾನದಿಯೋ ಪರ್ವತವೋ ಅಡ್ಡವಾಗಿರುವ, ಮಾತು ಬದಲಾಗುವ ಪ್ರದೇಶ ಎಂದು ಧರ್ಮಶಾಸ್ತ್ರಕಾರರು ಉತ್ತರಿಸಿದರು. ಮನೆಯಿಂದ ದೂರವಿರುವವನು ಧರ್ಮದಿಂದ ಹೊರಬಿದ್ದವನಲ್ಲ, ಅವನಿಗೆ ಒಪ್ಪುವ ಅಳತೆಯ ಕರ್ತವ್ಯವೊಂದು ಉಂಟು ಎಂಬ ತಿಳಿವಳಿಕೆ ಈ ನಿಯಮಗಳ ಹಿಂದೆ ಇದೆ. ವಿಜಯನಗರದ ಬುಕ್ಕರಾಯನ ಕಾಲದ ಮಾಧವಾಚಾರ್ಯರು 14ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಪರಾಶರ ಸ್ಮೃತಿಯೂ ದೇಶಭಂಗ, ರೋಗ, ಆಪತ್ತುಗಳ ಜೊತೆಯಲ್ಲಿಯೇ ಪ್ರವಾಸವನ್ನೂ ಹೆಸರಿಸಿ, ಅಂಥ ಹೊತ್ತಿನಲ್ಲಿ ಮೊದಲು ದೇಹವನ್ನು ಉಳಿಸಿಕೊಂಡು ಆಮೇಲೆ ಧರ್ಮವನ್ನು ಆಚರಿಸಬೇಕೆಂದು ವಿಧಿಸುತ್ತದೆ.

ಈ ಚರ್ಚೆ ಗ್ರಂಥಗಳೊಳಗೇ ಮುಗಿದುಹೋದದ್ದಲ್ಲ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ವಿದೇಶಯಾತ್ರೆ ಮಾಡಿದ್ದರೆಂಬ ಕಾರಣಕ್ಕೆ, 2008ರ ಜನವರಿಯಲ್ಲಿ ಅವರ ಪರ್ಯಾಯ, ಅಂದರೆ ಎರಡು ವರ್ಷಗಳ ಕೃಷ್ಣಪೂಜೆಯ ಸರದಿ, ಬಂದಾಗ ಸಮುದ್ರ ದಾಟಿದ ಯತಿ ಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂಬ ತೀವ್ರ ವಿವಾದ ಎದ್ದಿತು. ವಿರೋಧದ ನಡುವೆಯೇ ಅವರು ಪೀಠವೇರಿದರು. 2024ರ ಜನವರಿಯಲ್ಲಿ ಮತ್ತೊಮ್ಮೆ ಏರಿದರು. ಅಮೆರಿಕದಲ್ಲಿ ಕೃಷ್ಣವೃಂದಾವನ ಎಂಬ ಹೆಸರಿನ ಮಂದಿರಗಳನ್ನು ಕಟ್ಟಿರುವುದು ಇದೇ ಮಠ. ಯತಿಧರ್ಮದ ಕಟ್ಟುಪಾಡನ್ನು ಎತ್ತಿಹಿಡಿದವರ ಮಾತಿಗೂ ತನ್ನದೇ ತರ್ಕವಿತ್ತು; ಆದರೆ ಭಕ್ತರು ಸಾಗರ ದಾಟಿದ ಮೇಲೆ ಗುರು ದಡದಲ್ಲಿಯೇ ನಿಂತರೆ ಆ ಭಕ್ತರ ಮಕ್ಕಳಿಗೆ ದೀಕ್ಷೆ, ಉಪದೇಶ ಕೊಡುವವರು ಯಾರು ಎಂಬ ಪ್ರಶ್ನೆಗೆ ಆ ತರ್ಕದಲ್ಲಿ ಉತ್ತರವಿರಲಿಲ್ಲ.

ದಾಟುವುದು ಪಾಪವೇ ಅಲ್ಲವೇ ಎಂಬ ವಾದದಲ್ಲಿ ಮರೆಗೆ ಸರಿಯುವ ಸಂಗತಿಯೊಂದಿದೆ. ಊರು ಬಿಟ್ಟವರಿಗೆ ಕೊರತೆಯಾಗುವುದು ಪುಣ್ಯಭೂಮಿಗಿಂತ ಹೆಚ್ಚಾಗಿ ಜನ. ಹಳ್ಳಿಯಲ್ಲಿ ಸಾವು ಸಂಭವಿಸಿದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೋ ನೆಂಟರೋ ಅನ್ನ ತಂದಿಡುತ್ತಾರೆ; ಬಿದಿರು ಕಡಿದು ಚಟ್ಟ ಕಟ್ಟುವವರು, ಹೆಗಲು ಕೊಡುವವರು, ಹಾಲು ತುಪ್ಪ ಬಿಡುವ ದಿನಕ್ಕೂ ತಿಥಿಗೂ ಏನೇನು ಬೇಕೆಂದು ಹೇಳುವ ಹಿರಿಯರು ಕರೆಯದೆಯೇ ಬರುತ್ತಾರೆ. ಅಮೆರಿಕದ ಉಪನಗರವೊಂದರಲ್ಲಿ ಅದೇ ಸಾವು ಸಂಭವಿಸಿದರೆ ಆಸ್ಪತ್ರೆಯಿಂದ ದೇಹವನ್ನು ಅಂತ್ಯಕ್ರಿಯೆಯ ವ್ಯವಸ್ಥೆ ನೋಡುವ ಸಂಸ್ಥೆಗೆ ಸಾಗಿಸಬೇಕು, ಮರಣ ಪ್ರಮಾಣಪತ್ರವೂ ದಹನದ ಪರವಾನಗಿಯೂ ಕೈಗೆ ಬರುವವರೆಗೆ ಕಾಯಬೇಕು, ಚಿತಾಗಾರದಲ್ಲಿ ಸಮಯ ಗೊತ್ತು ಮಾಡಬೇಕು. ಇಷ್ಟರಲ್ಲಿ ಮೂರನೆಯ ದಿನದ ವಿಧಿಗೆ ಗೊತ್ತಾದ ದಿನವೇ ಕಳೆದುಹೋಗಿರಬಹುದು. ಅಸ್ಥಿಯನ್ನು ಶ್ರೀರಂಗಪಟ್ಟಣದ ಕಾವೇರಿಗೆ ತರಬೇಕೆಂದರೆ ಮರಣ ಪ್ರಮಾಣಪತ್ರ, ದಹನದ ಪ್ರಮಾಣಪತ್ರ, ಭಾರತೀಯ ದೂತಾವಾಸದ ನಿರಾಕ್ಷೇಪಣಾ ಪತ್ರ ಜೊತೆಗಿರಬೇಕು. ಅಸ್ಥಿಯ ಕರಂಡಕ ಲೋಹದ್ದಾಗಿದ್ದರೆ ವಿಮಾನ ನಿಲ್ದಾಣದ ಕ್ಷ-ಕಿರಣ ಯಂತ್ರಕ್ಕೆ ಒಳಗಿನದು ಕಾಣುವುದಿಲ್ಲ, ತಪಾಸಣೆಯಲ್ಲಿ ತಡೆಯುವ ಸಂಭವವಿದೆ. ಮರದ್ದೋ ಪ್ಲಾಸ್ಟಿಕ್ಕಿನದೋ ಆಗಿರಬೇಕು. ಗಂಡನನ್ನು ಕಳೆದುಕೊಂಡು ಎರಡು ದಿನವೂ ಆಗದ ಹೆಂಗಸಿಗೆ ಈ ಕರಂಡಕದ ವಿಷಯವನ್ನು ಮೆಲ್ಲನೆ ಹೇಳಿ, ಅದನ್ನು ತಾವೇ ತಂದುಕೊಡುವ ಒಬ್ಬರು ಅಲ್ಲಿ ಇದ್ದಾರೆಯೇ ಇಲ್ಲವೇ ಎಂಬುದರ ಮೇಲೆ ಆ ಮನೆಯ ಧರ್ಮ ನಿಲ್ಲುತ್ತದೆ ಅಥವಾ ಕುಸಿಯುತ್ತದೆ.

ಇಂಥ ನೆರವನ್ನು ಸಮಾಜಸೇವೆ ಎಂಬ ಬೇರೆ ಖಾನೆಗೆ ಹಾಕಿ, ಪೂಜೆ ಪುನಸ್ಕಾರಗಳನ್ನಷ್ಟೇ ಧರ್ಮವೆಂದು ಎಣಿಸುವುದು ಪರಂಪರೆಗೇ ಒಪ್ಪುವ ಮಾತಲ್ಲ. ದಿಕ್ಕಿಲ್ಲದೆ ಸತ್ತವನ ಶವವನ್ನು ಹೊತ್ತವರಿಗೆ ಹೆಜ್ಜೆಹೆಜ್ಜೆಗೂ ಯಜ್ಞದ ಫಲವಿದೆ, ಅವರಿಗೆ ಯಾವ ಅಶುಭವೂ ತಟ್ಟದು ಎಂದು ಪರಾಶರ ಸ್ಮೃತಿಯೇ ಹೇಳುತ್ತದೆ. ಆ ವಿಧಿ ಬ್ರಾಹ್ಮಣನ ಶವವನ್ನೂ ದ್ವಿಜರ ಹೆಗಲನ್ನೂ ಮಾತ್ರ ಉದ್ದೇಶಿಸಿದ್ದು ನಿಜ. ಅದನ್ನು ಅಷ್ಟಕ್ಕೇ ಕಟ್ಟಿಹಾಕುವುದು ಇಂದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಹೆಗಲು ಕೊಡುವುದನ್ನು ಯಜ್ಞದ ಸ್ಥಾನಕ್ಕೆ ಏರಿಸಿದ ಅದರ ತಿರುಳನ್ನು ಹಿಡಿದರೆ, ದೇಶಾಂತರದಲ್ಲಿ ಕಾಗದಪತ್ರ ಬರೆಸಿಕೊಡುವವರೂ ಕಾರಿನಲ್ಲಿ ಪುರೋಹಿತರನ್ನು ಕರೆತರುವವರೂ ವಾರವಿಡೀ ಊಟ ಹಂಚಿಕೊಂಡು ಮಾಡಿ ತರುವವರೂ ಧರ್ಮದ ಹೊಸ್ತಿಲ ಹೊರಗೆ ನಿಂತವರಲ್ಲ, ಅದರ ಗರ್ಭಗುಡಿಯಲ್ಲಿಯೇ ಇರುವವರು.

ಬೇರೆ ನಾಡುಗಳಿಂದ ಅಮೆರಿಕಕ್ಕೆ ಬಂದವರ ಚರಿತ್ರೆಯೂ ಇದನ್ನೇ ತೋರಿಸುತ್ತದೆ. 19ನೇ ಶತಮಾನದಲ್ಲಿ ಗಣಿ, ಕಾರ್ಖಾನೆಗಳ ಕೂಲಿಗಾಗಿ ಬಂದ ಪೋಲೆಂಡಿನವರು 1873ರಲ್ಲಿ ಪೋಲಿಷ್ ರೋಮನ್ ಕ್ಯಾಥೊಲಿಕ್ ಯೂನಿಯನ್ನನ್ನೂ 1880ರಲ್ಲಿ ಪೋಲಿಷ್ ನ್ಯಾಷನಲ್ ಅಲಯನ್ಸನ್ನೂ ಕಟ್ಟಿಕೊಂಡರು. ಸದಸ್ಯ ಸತ್ತರೆ ಅವನ ಕುಟುಂಬದ ಕೈಗೆ ಹಣ ಸೇರುವಂತೆ ಮಾಡುವ ಪರಸ್ಪರ ವಿಮೆ ಇಂಥ ಸಂಘಗಳ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ತಮ್ಮ ಕಾಸಿನಿಂದ ಕಟ್ಟಿದ ಚರ್ಚಿನ ಆಸ್ತಿಯ ಮೇಲೂ ಆಡಳಿತದ ಮೇಲೂ ತಮಗೆ ಹಕ್ಕಿರಬೇಕೆಂಬ ಬೇಡಿಕೆ ಬಲಿತು, 1897ರಲ್ಲಿ ಪೆನ್ಸಿಲ್ವೇನಿಯದ ಸ್ಕ್ರ್ಯಾಂಟನ್ ನಗರದಲ್ಲಿ ಫ್ರಾನ್ಸಿಸ್ ಹೋದುರ್ ಎಂಬ ಪಾದ್ರಿಯ ನೇತೃತ್ವದಲ್ಲಿ ಪೋಲಿಷ್ ನ್ಯಾಷನಲ್ ಕ್ಯಾಥೊಲಿಕ್ ಚರ್ಚ್ ಬೇರೆಯಾಗಿಯೇ ಹುಟ್ಟಿತು. ಅದೇ ಈಶಾನ್ಯ ಪೆನ್ಸಿಲ್ವೇನಿಯದ ಸ್ಟ್ರೌಡ್ಸ್‌ಬರ್ಗಿನಲ್ಲಿ ಇಂದು ಶೃಂಗೇರಿಯ ಶಾರದಾಂಬೆಯ ದೇವಾಲಯವಿದೆ.

ಕನ್ನಡಿಗರು ಹೋದದ್ದು ಬೇರೆ ಬಾಗಿಲಿನಿಂದ. 1965ರ ವಲಸೆ ಕಾಯ್ದೆ ಏಷ್ಯಾದವರಿಗೆ ದಾರಿ ಬಿಟ್ಟ ಮೇಲೆ ಹೋದ ವೈದ್ಯರಿಗೂ ಎಂಜಿನಿಯರುಗಳಿಗೂ ವಿಮೆಯ ಸಂಘ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಭಾಷೆ, ಹಬ್ಬ, ಗುಡಿ. ಷಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ, 1973ರಿಂದ ನಡೆದುಬಂದಿರುವ ಉತ್ತರ ಕ್ಯಾಲಿಫೋರ್ನಿಯದ ಕನ್ನಡ ಕೂಟ, ಕೂಟಗಳ ಒಕ್ಕೂಟವಾಗಿ 1998ರಲ್ಲಿ ರೂಪುಗೊಂಡ ‘ಅಕ್ಕ’ ಹುಟ್ಟಿದ್ದು ಹೀಗೆ. 1977ರಲ್ಲಿ ನ್ಯೂಯಾರ್ಕಿನ ಫ್ಲಶಿಂಗಿನ ಗಣಪತಿ ದೇವಾಲಯವೂ ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಾಲಯವೂ ಪ್ರತಿಷ್ಠೆಗೊಂಡವು. ಅರ್ಚಕರನ್ನು ಕರೆಸಿಕೊಳ್ಳಲು ಅಮೆರಿಕದ ಕಾನೂನಿನಲ್ಲಿ ಆರ್-1 ಎಂಬ ಧಾರ್ಮಿಕ ಸೇವಕರ ವೀಸಾ ಇದೆ. ಅದರ ಅವಧಿ ಹೆಚ್ಚೆಂದರೆ 5 ವರ್ಷ. ಲಿಂಗಾಯತರ ಸ್ಥಿತಿ ಮಾತ್ರ ಭಿನ್ನ: ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದ ಬಸವಣ್ಣನವರ ಮಾರ್ಗದಲ್ಲಿ ದೇವರು ಎದೆಯ ಮೇಲಿನ ಇಷ್ಟಲಿಂಗವಾಗಿ ಭಕ್ತನೊಂದಿಗೇ ವಿಮಾನ ಏರುತ್ತಾನೆ, ದೂರವೆಂಬ ಸಮಸ್ಯೆಗೆ 12ನೇ ಶತಮಾನದಲ್ಲಿಯೇ ಒಂದು ಉತ್ತರ ಸಿಕ್ಕಿಬಿಟ್ಟಿತ್ತು.

ದೇಶಾಂತರದಲ್ಲಿ ಕಳೆದುಹೋದ ಎಲ್ಲವೂ ಅಮೂಲ್ಯವಾಗಿತ್ತು ಎಂದುಕೊಳ್ಳುವುದೂ ತಪ್ಪಾದೀತು. ಹಳ್ಳಿಯ ಸಾವಿನಲ್ಲಿ ತಮಟೆ ಬಡಿಯುವ, ಗುಂಡಿ ತೋಡುವ ಕೆಲಸವನ್ನು ದಲಿತ ಕೇರಿಯವರ ಮೇಲೆ ಬಿಟ್ಟಿಯಾಗಿ ಹೇರಲಾಗಿತ್ತು. ಅಂಥ ಹೇರಿಕೆಗೆ ಅವಕಾಶವಿಲ್ಲದ ಕಡೆ ಮಗನೇ, ಮಗಳೇ, ಗೆಳೆಯರೇ ಎಲ್ಲವನ್ನೂ ಮಾಡಬೇಕಾಗಿ ಬಂದಿರುವುದು ಧರ್ಮಕ್ಕೆ ಆದ ಲಾಭವೆಂದೇ ಎಣಿಸಬೇಕು. ಆದರೆ ಜಾತಿಯೂ ಪೆಟ್ಟಿಗೆಯಲ್ಲಿ ಹೋಗಿದೆ. ಸಿಯಾಟಲ್ ನಗರಸಭೆ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಸತ್ತವರ ಜಾತಿ ಕೇಳಿ ಹೆಗಲು ಕೊಡುವ ಕೂಟ, ಎಷ್ಟೇ ದೊಡ್ಡ ಸಭಾಭವನ ಕಟ್ಟಿದ್ದರೂ, ಪರಾಶರ ಹೇಳಿದ ಫಲಕ್ಕೆ ಪಾತ್ರವಾಗದು.

ಒಯ್ಯಲಾಗದ್ದೂ ಇದೆ. ಊರೆಲ್ಲೆಯ ದೇವತೆಯನ್ನು ಕಿತ್ತು ತಂದು ಬೇರೆಡೆ ನಿಲ್ಲಿಸಲು ಬಾರದು. ನಿಲ್ಲಿಸಿದರೂ ಅವಳು ಕಾಯುವ ಊರು ಅದಲ್ಲ. ಇಂಥ ದೂರಕ್ಕೆ ಹಳ್ಳಿಯ ಧರ್ಮವೇ ಕಂಡುಕೊಂಡ ಉಪಾಯ ಮುಡಿಪು. ಹರಕೆ ಹೊತ್ತವರು ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಗೂಡಿನಲ್ಲಿಡುತ್ತಾರೆ. ಹೋಗಲು ಅನುವಾದ ದಿನ ಅದು ದೇವರಿಗೆ ಸಲ್ಲುತ್ತದೆ, ಅಲ್ಲಿಯವರೆಗೆ ಮನೆಯವರು ಅದನ್ನು ಮುಟ್ಟುವಂತಿಲ್ಲ. ತಡವಾದದ್ದು ತಪ್ಪಿದ್ದಲ್ಲ ಎಂಬ ಒಪ್ಪಂದ ಇದರಲ್ಲಿದೆ. ಅಮೆರಿಕದಿಂದ ಬರುವ ಹಣದಲ್ಲಿ ಊರಗುಡಿ ಜೀರ್ಣೋದ್ಧಾರಗೊಂಡು ಗ್ರಾನೈಟ್ ಫಲಕದ ಮೇಲೆ ದಾನಿಯ ಹೆಸರು ಬರುವುದರಲ್ಲಿ ದೋಷವಿಲ್ಲ. ವರ್ಷವಿಡೀ ದೀಪ ಹಚ್ಚಿ ಗುಡಿಯನ್ನು ಕಾಯ್ದವರ ಮಾತಿಗಿಂತ ಆ ಹೆಸರಿನ ಮಾತೇ ನಡೆಯತೊಡಗಿದರೆ ದೋಷವಿದೆ. ಅಮೆರಿಕದ ಪೌರತ್ವ ಪಡೆದು ಭಾರತದ ಸಾಗರೋತ್ತರ ಪೌರರ ಚೀಟಿ ಹೊಂದಿದವರು ಇಲ್ಲಿ ಕೃಷಿಭೂಮಿ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಹಿರಿಯರ ಸಮಾಧಿಯಿರುವ ಹೊಲವನ್ನು ಮಾರುವ ಮುನ್ನ ಈ ಒಂದು ಸಂಗತಿಯನ್ನು ಮನೆಯವರೆಲ್ಲ ಕೂತು ಯೋಚಿಸಬೇಕು. ಊರಿನಲ್ಲಿ ಉಳಿದವರಿಗೂ ನೆಲ ಶಾಶ್ವತವಲ್ಲ. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಕೈಗಾರಿಕೆಗೆಂದು ಗುರುತಿಸಲಾಗಿದ್ದ 1,777 ಎಕರೆ ಜಮೀನಿಗಾಗಿ ವರ್ಷಗಟ್ಟಲೆ ಧರಣಿ ಕೂತ ಮೇಲೆಯೇ 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು.

ಇನ್ನು ಅಲ್ಲಿಯೇ ಹುಟ್ಟಿದ ಮಕ್ಕಳ ಪ್ರಶ್ನೆ. ಯಾಜ್ಞವಲ್ಕ್ಯನ ನಿಯಮ ಮನೆಯಿಂದ ಹೊರಟುಹೋದವನಿಗೆ ಸಲ್ಲುವಂಥದ್ದು. ಆ ಮಕ್ಕಳು ಎಲ್ಲಿಂದಲೂ ಹೊರಟವರಲ್ಲ, ಅವರ ಮನೆಯೇ ಅಲ್ಲಿದೆ. ಕರ್ಮದ ಆರಂಭದಲ್ಲಿ ದೇಶಕಾಲಗಳನ್ನು ಹೇಳಿಕೊಳ್ಳುವ ಸಂಕಲ್ಪದಲ್ಲಿ ಜಂಬೂದ್ವೀಪ, ಭರತಖಂಡಗಳ ಬದಲು ಕ್ರೌಂಚದ್ವೀಪ, ರಮಣಕವರ್ಷ, ಐಂದ್ರಖಂಡ ಎಂದು ಅಮೆರಿಕದ ಅನೇಕ ಪುರೋಹಿತರು ಹೇಳುವುದು ರೂಢಿಯಾಗಿದೆ. ಪುರಾಣದ ಭೂಗೋಳಕ್ಕೆ ಇದು ಎಷ್ಟು ಹೊಂದುತ್ತದೆ ಎಂಬ ಚರ್ಚೆ ಬೇರೆ. ನಿಂತ ನೆಲವನ್ನು ಅದರದೇ ಹೆಸರಿನಿಂದ ಕರೆದು ಕರ್ಮ ಆರಂಭಿಸಬೇಕೆಂಬ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಬೌಧಾಯನನು ಉಲ್ಲೇಖಿಸಿದ ದೇಶಾಚಾರದ ನಿಲುವನ್ನು ಒಪ್ಪುವುದಾದರೆ ಆ ದೇಶಕ್ಕೂ ಒಂದು ಆಚಾರ ಹುಟ್ಟಬೇಕು, ಅದನ್ನು ರೂಪಿಸುವ ಅಧಿಕಾರ ಬೂದಿಗೆರೆಯ ಅಜ್ಜನಿಗಿಂತ ಅಲ್ಲಿ ಬದುಕುವ ಮೊಮ್ಮಗಳಿಗೆ ಸೇರಿದ್ದು. ಅಜ್ಜನ ಪಾಲಿಗೆ ಉಳಿಯುವ ಕೆಲಸ ಮನೆದೇವರ ಹೆಸರು, ಒಕ್ಕಲು, ಮೂರು ತಲೆಮಾರಿನ ಹಿರಿಯರ ಹೆಸರುಗಳು, ಅವರು ತೀರಿಕೊಂಡ ತಿಥಿಗಳು ಮತ್ತು ಸಮಾಧಿಯಿರುವ ಹೊಲದ ಸರ್ವೆ ನಂಬರನ್ನು ಒಂದು ಹಾಳೆಯಲ್ಲಿ ಬರೆದು ಅವಳ ಕೈಗೆ ಮುಟ್ಟಿಸುವುದು.