ಮರಳಿ ಬಾಳುವುದು ಮರೆವೇ?

ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಮತ್ತೆ ನಕ್ಕರೆ ಅದು ತಪ್ಪೇ? ಯಾರೂ ಬಾಯಿಬಿಟ್ಟು ಕೇಳದ ಈ ಪ್ರಶ್ನೆಯನ್ನು ಇಷ್ಟವಿಯೋಗದಲ್ಲಿ ಬೆಂದವರು ತಮ್ಮೊಳಗೇ ಕೇಳಿಕೊಳ್ಳುತ್ತಾರೆ. ಬಹುದಿನಗಳ ಬಳಿಕ ರುಚಿಯಾಗಿ ಉಂಡ ಹೊತ್ತಿನಲ್ಲಿ, ನೆಮ್ಮದಿಯಾಗಿ ನಿದ್ರಿಸಿ ಎದ್ದ ಬೆಳಗಿನಲ್ಲಿ, ಅಗಲಿದ ಜೀವಕ್ಕೆ ದ್ರೋಹ ಬಗೆದೆವೋ ಎಂಬ ಅಳುಕು ಮೂಡುತ್ತದೆ. ಪ್ರೀತಿಯ ಆಳವನ್ನು ದುಃಖದ ಅವಧಿಯಿಂದ ಅಳೆಯುವುದು ಸರಿಯೇ ಎಂಬುದು ವಿಚಾರ ಮಾಡಬೇಕಾದ ವಿಷಯ.

ಅಮೆರಿಕದ ಲೇಖಕಿ ಆನ್ ಹುಡ್ ಅವರ ‘ದಿ ನಿಟಿಂಗ್ ಸರ್ಕಲ್’ ಎಂಬ ಇಂಗ್ಲಿಷ್ ಕಾದಂಬರಿ ಇಂಥ ದುಃಖವನ್ನೇ ವಸ್ತುವಾಗಿಸಿಕೊಂಡಿದೆ. 2007ರಲ್ಲಿ ಪ್ರಕಟವಾದ ಈ ಕೃತಿಯ ನಾಯಕಿ ಮೇರಿ ಬ್ಯಾಕ್ಸ್ಟರ್, ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದವಳು. ಅವಳ ಒಬ್ಬಳೇ ಮಗಳು ಸ್ಟೆಲ್ಲಾ ಹಠಾತ್ತನೆ ತೀರಿಹೋಗುತ್ತಾಳೆ. ಮೇರಿಗೆ ಓದುವುದೂ ಬರೆಯುವುದೂ ಅಸಾಧ್ಯವಾಗುತ್ತದೆ. ಪತಿಯೊಡನೆಯೂ ಅಂತರ ಬೆಳೆಯುತ್ತದೆ. ತಾಯಿಯ ಒತ್ತಾಯಕ್ಕೆ ಮಣಿದು, ಒಲ್ಲದ ಮನಸ್ಸಿನಿಂದಲೇ, ಅವಳು ಉಲ್ಲನ್ ದಾರದ ಅಂಗಡಿಯೊಂದರಲ್ಲಿ ಸೇರುವ ಹೆಣಿಗೆಯ ಬಳಗಕ್ಕೆ ಹೋಗುತ್ತಾಳೆ. ಅಲ್ಲಿ ಆಲಿಸ್, ಸ್ಕಾರ್ಲೆಟ್, ಲುಲು, ಬೆತ್, ಹ್ಯಾರಿಯೆಟ್, ಎಲೆನ್ ಇವರು ಒಬ್ಬೊಬ್ಬರೂ ಅವಳಿಗೆ ಹೆಣಿಗೆಯ ಒಂದೊಂದು ಬಗೆಯನ್ನು ಕಲಿಸುತ್ತಾರೆ. ಕಲಿಸುತ್ತ ತಮ್ಮ ಬಾಳಿನ ನೋವನ್ನು ಹೇಳಿಕೊಳ್ಳುತ್ತಾರೆ. ಅವರ ಕಥೆಗಳನ್ನು ಕೇಳುತ್ತ ಕೇಳುತ್ತ ಕೊನೆಗೆ ಮೇರಿಗೆ ತನ್ನ ಕಥೆ ಹೇಳುವ ಶಕ್ತಿ ಬರುತ್ತದೆ.

ಇದು ಬರಿಯ ಕಲ್ಪನೆಯಲ್ಲ. 2002ರಲ್ಲಿ ಲೇಖಕಿಯ ಐದು ವರ್ಷದ ಮಗಳು ಸೋಂಕಿನಿಂದ ಅಕಸ್ಮಾತ್ತಾಗಿ ಅಸುನೀಗಿದಳು. ಬರವಣಿಗೆಯೇ ವೃತ್ತಿಯಾಗಿದ್ದ ಆಕೆಗೆ ಅಕ್ಷರಗಳೇ ಅನ್ಯವಾದವು. ಆಗ ಕಲಿತ ಹೆಣಿಗೆ ಆಕೆಯನ್ನು ಕೈಹಿಡಿದು ನಡೆಸಿತು. ಆ ಅನುಭವವನ್ನು ಆಕೆ 2008ರಲ್ಲಿ ‘ಕಂಫರ್ಟ್’ ಎಂಬ ಕೃತಿಯಲ್ಲಿ ನೇರವಾಗಿಯೇ ದಾಖಲಿಸಿದ್ದಾರೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಕೈಗೆ ಕೆಲಸ ಕೊಟ್ಟು ಮನಸ್ಸನ್ನು ಬೇರೆಡೆಗೆ ತಿರುಗಿಸುವುದು ದುಃಖದಿಂದ ಓಡಿಹೋಗುವ ಉಪಾಯವಲ್ಲವೇ? ಓಡಿಹೋಗುವುದೇ ಉದ್ದೇಶವಾಗಿದ್ದರೆ ಆಕ್ಷೇಪ ನ್ಯಾಯವೇ. ಆದರೆ ದುಃಖದಿಂದ ಓಡುವವನು ಅಗಲಿದವರ ಹೆಸರೆತ್ತಲಾರ. ಮೇರಿಯ ದಾರಿ ಅದಕ್ಕೆ ವಿರುದ್ಧವಾದದ್ದು. ಅದು ಅವಳನ್ನು ಮಗಳ ಹೆಸರಿನ ಬಳಿಗೇ ಕರೆತರುತ್ತದೆ. ಕೈ ಕೆಲಸದಲ್ಲಿರುವಾಗ ಎದುರಿದ್ದವರ ಕಣ್ಣನ್ನು ನೋಡಬೇಕಾದ ನಿರ್ಬಂಧವಿಲ್ಲ. ಮಾತಿಗೂ ಮೌನಕ್ಕೂ ಸಮಾನವಾದ ಎಡೆಯಿದೆ. ಮಾತಾಡಲೇಬೇಕೆಂಬ ಒತ್ತಾಯವಿಲ್ಲದ ಕಡೆಯಲ್ಲಿಯೇ ಮಾತು ತಾನಾಗಿ ಹುಟ್ಟುತ್ತದೆ.

ಇನ್ನೊಂದು ಅಂಶವೂ ಗಮನಾರ್ಹ. ಪರರ ದುಃಖವನ್ನು ತೋರಿಸಿ ‘ನಿನ್ನದೇನು ಮಹಾ’ ಎನ್ನುವುದು ಸಾಂತ್ವನವಲ್ಲ, ಅದೂ ಒಂದು ಬಗೆಯ ಹಿಂಸೆಯೇ. ದುಃಖವನ್ನು ತಕ್ಕಡಿಗೆ ಹಾಕಿದರೆ ಯಾರ ಭಾರವೂ ಇಳಿಯುವುದಿಲ್ಲ. ಪರರ ನೋವನ್ನು ತಾಳ್ಮೆಯಿಂದ ಕೇಳಿಸಿಕೊಂಡವನಿಗೆ ದೊರೆಯುವ ಅರಿವು ಬೇರೆಯದು: ತನ್ನ ದುಃಖ ಕಿರಿದಲ್ಲ, ಆದರೆ ತಾನು ಒಂಟಿಯೂ ಅಲ್ಲ. ಈ ಅರಿವಿನಿಂದ ಕರುಣೆ ಹುಟ್ಟುತ್ತದೆ. ಕೇವಲ ಪಡೆಯಲು ಬಂದವಳು ಕೇಳುವ ಮೂಲಕ ಕೊಡುವವಳೂ ಆಗುತ್ತಾಳೆ. ತನ್ನಿಂದ ಇನ್ನೊಬ್ಬರಿಗೆ ಉಪಕಾರವಾಗಬಲ್ಲುದು ಎಂಬ ತಿಳಿವೇ ಮರಳಿ ಬಾಳುವುದರ ಮೊದಲ ಹೆಜ್ಜೆ.

ಹೆಣಿಗೆಯ ಸ್ವರೂಪವೇ ಇಲ್ಲಿ ಒಂದು ದೃಷ್ಟಾಂತವಾಗಿ ಒದಗುತ್ತದೆ. ಅದರಲ್ಲಿ ಒಂದೊಂದು ಕುಣಿಕೆಯೂ ಇನ್ನೊಂದು ಕುಣಿಕೆಯನ್ನು ಹಿಡಿದುಕೊಂಡಿರುತ್ತದೆ. ಒಂದು ಕಡ್ಡಿಯಿಂದ ಜಾರಿದರೆ ಅದರ ಕೆಳಗಿನವೂ ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಆದರೆ ಬಿಚ್ಚಿದ ದಾರ ವ್ಯರ್ಥವಾಗುವುದಿಲ್ಲ. ಅದೇ ದಾರದಿಂದ ಮತ್ತೆ ಹೆಣೆಯಬಹುದು. ಹಾಗೆ ಬಿಚ್ಚಿದ ದಾರದಲ್ಲಿ ಹಿಂದಿನ ಹೆಣಿಗೆಯ ಸುಕ್ಕು ಉಳಿದಿರುತ್ತದೆ. ಸುಕ್ಕಿದೆಯೆಂದು ಯಾರೂ ದಾರವನ್ನು ಎಸೆಯುವುದಿಲ್ಲ. ಹೊಸ ಹೆಣಿಗೆಯಾಯಿತೆಂದು ಹಿಂದಿನದು ಸುಳ್ಳಾಗುವುದೂ ಇಲ್ಲ. ಮರಳಿ ಬಾಳುವುದೆಂದರೆ ಹೊಸ ದಾರ ತರುವುದಲ್ಲ, ಇದ್ದ ದಾರದಿಂದಲೇ ಮತ್ತೆ ಹೆಣೆಯುವುದು. ಆದುದರಿಂದ ಅದು ಮರೆವಲ್ಲ, ದ್ರೋಹವಂತೂ ಅಲ್ಲವೇ ಅಲ್ಲ. ಅಗಲಿದ ಜೀವದ ಮೇಲಿನ ಪ್ರೀತಿ ಉಳಿದವರ ಮೇಲಿನ ವಾತ್ಸಲ್ಯವಾಗಿ ಹರಿದರೆ ಅದಕ್ಕಿಂತ ಮಿಗಿಲಾದ ಸ್ಮರಣೆ ಬೇರೊಂದಿಲ್ಲ.

ಹೊಣೆಯ ಇನ್ನೊಂದು ಪಾಲು ಸಮಾಜದ್ದು. ಸಾವಿನ ಮನೆಗೆ ಮೊದಲ ದಿನಗಳಲ್ಲಿ ಬರುವವರಿಗೆ ಲೆಕ್ಕವಿಲ್ಲ. ಕರ್ಮಾದಿಗಳು ಮುಗಿದು, ಬಂಧುಗಳು ಊರು ಸೇರಿ, ಮನೆ ನಿಶ್ಶಬ್ದವಾದ ಮೇಲೆ ನಿಜವಾದ ಕಷ್ಟ ಆರಂಭವಾಗುತ್ತದೆ. ಮೂರನೆಯ ತಿಂಗಳಿನಲ್ಲಿ, ಆರನೆಯ ತಿಂಗಳಿನಲ್ಲಿ ಆ ಬಾಗಿಲನ್ನು ತಟ್ಟುವವರು ವಿರಳ. ಆಗ ಬೇಕಾದದ್ದು ಉಪದೇಶವಲ್ಲ. ವಾರಕ್ಕೊಮ್ಮೆ ಕುಳಿತುಕೊಳ್ಳಲು ಒಂದು ಜಾಗ, ಕೈಗೆ ಒಂದು ಸಣ್ಣ ಕೆಲಸ, ಅವಸರಪಡಿಸದೆ ಪಕ್ಕದಲ್ಲಿ ಕೂರುವ ನಾಲ್ಕು ಜನ. ಇಷ್ಟನ್ನು ಒದಗಿಸಲು ದೊಡ್ಡ ನಿಧಿ ಬೇಕಾಗಿಲ್ಲ. ಧರ್ಮಸಂಸ್ಥೆಯೊಂದರ ಒಂದು ಕೊಠಡಿ ಸಾಕು. ಬಿಚ್ಚಿಹೋದ ದಾರದ ತುದಿಯನ್ನು ಹಿಡಿದುಕೊಂಡು ಒಬ್ಬರು ಕಾಯುತ್ತಿದ್ದಾರೆಂದು ತಿಳಿದರೆ, ಕುಸಿದವರು ತಾವಾಗಿಯೇ ಮತ್ತೆ ಕಡ್ಡಿಯನ್ನು ಕೈಗೆತ್ತಿಕೊಳ್ಳುತ್ತಾರೆ.