ಭಯವೂ ಭಕ್ತಿಯೂ

ಭಯಭಕ್ತಿ ಎಂಬೆರಡು ಪದಗಳನ್ನು ಲೋಕರೂಢಿಯು ಒಂದೇ ಉಸಿರಿನಲ್ಲಿ ನುಡಿಯುತ್ತದೆ. ಗುಂಡ್ಲುಪೇಟೆ ಸೀಮೆಯ ಭೀಮನಬೀಡಾಗಲಿ, ಮತ್ತಾವ ಗ್ರಾಮವಾಗಲಿ, ಮಗ್ಗಿ ತಪ್ಪಿದ ಬಾಲಕನಿಗೆ ಬೆತ್ತದ ಏಟು ಬಿದ್ದಾಗ “ಅಂಜಿಕೆಯಿಲ್ಲದೆ ವಿದ್ಯೆ ಹತ್ತೀತೆ?” ಎಂದು ಸಮರ್ಥಿಸುವ ಹಿರಿಯರುಂಟು. ಶರಣರಾದರೋ ದೇವನನ್ನು ಒಲಿಸುವ ಮಾತನ್ನಾಡಿದರು. ಅಂಜಿದವನು ಬಾಗುತ್ತಾನೆ, ದಿಟ; ಒಲಿದವನೂ ಬಾಗುತ್ತಾನೆ. ಹೊರಗಿನ ಕಣ್ಣಿಗೆ ಎರಡೂ ಒಂದೇ. ಒಳಗೆ ನಡೆಯುವುದೇನು?

ಇದನ್ನು ಕುರಿತು ಆಲೋಚಿಸಲು ತಕ್ಕ ಸಾಕ್ಷ್ಯವೊಂದು ಬೆಂಗಳೂರಿನಲ್ಲಿಯೇ ದೊರೆತಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿಯವರೂ ಅವರ ಸಂಗಡಿಗರೂ ನಡೆಸಿ 2002ರಲ್ಲಿ ಪ್ರಕಟಿಸಿದ ಸಂಶೋಧನೆಯದು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡಲಾಗದಂತೆ ಬಂಧಿಸಿಟ್ಟು, ತರುವಾಯ ಅವುಗಳ ಮಿದುಳಿನ ನರಕೋಶಗಳನ್ನು ಪರೀಕ್ಷಿಸಿದರು. ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು. ಭಯಕ್ಕೆ ನೆಲೆಯಾದ ಅಮಿಗ್ಡಲದಲ್ಲಿ ಅವು ಹಿಗ್ಗಿ ಹಬ್ಬಿದ್ದವು. ಕಷ್ಟ ಒಂದೇ; ಅರಿವಿನ ಕೊಂಬೆ ಬಾಡಿತು, ಅಂಜಿಕೆಯ ಕೊಂಬೆ ಚಿಗುರಿತು.

ಇದಕ್ಕಿಂತಲೂ ಗಂಭೀರವಾದುದು 2004ರಲ್ಲಿ ಅದೇ ಕೇಂದ್ರದಿಂದ ಹೊರಬಂದ ಫಲಿತಾಂಶ. ಬಂಧನ ಮುಗಿದು 21 ದಿನ ನೆಮ್ಮದಿಯಿಂದಿದ್ದರೆ ಹಿಪೊಕ್ಯಾಂಪಸ್ಸಿನ ಹಾನಿ ತುಂಬಿಬರುತ್ತದೆ. ಅಮಿಗ್ಡಲದ ಬೆಳವಣಿಗೆಯಾದರೋ ಹಾಗೆಯೇ ಉಳಿದಿತ್ತು. ಇಲಿಗಳ ಅಳುಕೂ ಇಳಿದಿರಲಿಲ್ಲ. ಹೊಡೆದ ಕೈ ಮರೆತೀತು, ಹೊಡೆಸಿಕೊಂಡ ಜೀವ ಮರೆಯದು ಎಂದು ಅನುಭವಿಗಳು ಹೇಳುವುದು ಬರಿಯ ಅಲಂಕಾರವಲ್ಲ.

ಇಲಿಯ ಮಾತು ಮನುಷ್ಯನ ಮಗುವಿಗೆ ಹಾಗೆಯೇ ಹೊಂದೀತೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅಕ್ಷರಶಃ ಹೊಂದದು. ಭಯವು ಏನನ್ನೂ ಕಲಿಸದೆಂಬುದೂ ಸುಳ್ಳು. ಬೆಂಕಿ ಮುಟ್ಟಿದ ಕೂಸು ಒಂದೇ ಸಲಕ್ಕೆ ಕಲಿಯುತ್ತದೆ. ಆದರೆ ಅದು ಕಲಿಯುವುದು ದೂರ ಸರಿಯುವುದನ್ನು. ಬೆತ್ತದಡಿಯ ಬಾಲಕನೂ ಅದನ್ನೇ ಕಲಿಯುತ್ತಾನೆ: ಮಗ್ಗಿಯಿಂದ, ಗುರುವಿನಿಂದ, ಕಡೆಗೆ ಶಾಲೆಯಿಂದಲೇ ದೂರ ಸರಿಯುವುದನ್ನು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಗುವಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯಿದೆಯು ಶಾಲೆಯ ಬಾಗಿಲವರೆಗೆ ಬಂದೀತು. ಮನೆಯ ಪಡಸಾಲೆಗೆ ಅದು ಬರಲಾರದು.

ಅಲ್ಲಿಯೂ ನೋಡಬೇಕು. ಹೊಡೆತಕ್ಕಂಜಿ ಪೂಜೆಗೆ ಕೂರುವ ಮಗ, ತಂದೆಯು ಪರಸ್ಥಳಕ್ಕೆ ಹೋದ ದಿನ ಕರಡಿಗೆಯ ಮುಚ್ಚಳವನ್ನೇ ತೆರೆಯುವುದಿಲ್ಲ.