ಭಾಷೆಯ ಭಾರ ಯಾರ ಹೆಗಲಿಗೆ?

ಇಂಗ್ಲಿಷ್ ಪತ್ರಿಕೆಯಲ್ಲಿ ತೇರ್ಗಡೆಯಾಗದೆ ಪದವಿಯಿಲ್ಲ ಎಂಬ ನಿಯಮದ ಬುಡದಲ್ಲಿ ಒಂದು ಹಳೆಯ ತಾತ್ವಿಕ ಪ್ರಶ್ನೆಯಿದೆ: ಅರಿವು ಭಾಷೆಯನ್ನು ಬಿಟ್ಟು ಇರಬಲ್ಲುದೇ? ತಮಿಳುನಾಡಿನ ಕಲಾ ಮತ್ತು ವಿಜ್ಞಾನ ಪದವಿಗಳಲ್ಲಿ ಮೊದಲ ಭಾಗ ತಮಿಳು ಅಥವಾ ಇನ್ನೊಂದು ಭಾಷೆ, ಎರಡನೆಯ ಭಾಗ ಇಂಗ್ಲಿಷ್, ಮೂರನೆಯದು ಮುಖ್ಯ ವಿಷಯ. ಮುಖ್ಯ ವಿಷಯವನ್ನು ತಮಿಳು ಮಾಧ್ಯಮದಲ್ಲಿ ಓದಿದವರಿಗೂ ಎರಡನೆಯ ಭಾಗ ತಪ್ಪುವುದಿಲ್ಲ.

ಮಹಿಳೆಯರಿಗೆಂದೇ 1984ರಲ್ಲಿ ಸ್ಥಾಪನೆಯಾದ ಮದರ್ ತೆರೇಸಾ ವಿಶ್ವವಿದ್ಯಾಲಯ ಇರುವುದು ಕೊಡೈಕಾನಲ್‌ನಲ್ಲಿ. ಆ ಬೆಟ್ಟದ ಕೆಳಗೆ, ಕಂಬಂ ಕಣಿವೆಯ ಒಕ್ಕಲಿಗರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ತಮಿಳು ಓದುತ್ತಾರೆ. ಅಂಥ ಮನೆಯ ಹುಡುಗಿಗೆ ಇಂಗ್ಲಿಷ್ ಮೂರನೆಯ ಭಾಷೆ. ಬೋಡಿನಾಯಕನೂರಿನ ಹರಾಜಿನಲ್ಲಿ ಏಲಕ್ಕಿಯ ಆವಕ ಹೆಚ್ಚಿದ ದಿನ ಬೆಲೆ ಏಕೆ ಇಳಿಯಿತೆಂದು ಆಕೆ ಮನೆಯಲ್ಲಿ ಕನ್ನಡದಲ್ಲಿ, ಪೇಟೆಯಲ್ಲಿ ತಮಿಳಿನಲ್ಲಿ ವಿವರಿಸಬಲ್ಲಳು. ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಆಗದಿದ್ದರೆ ಆಕೆಗೆ ಅರ್ಥಶಾಸ್ತ್ರ ತಿಳಿದಿಲ್ಲವೆನ್ನಬಹುದೇ?

ಶಬ್ದದ ಸೋಂಕಿಲ್ಲದ ಅರಿವೇ ಇಲ್ಲವೆಂಬುದು ವೈಯಾಕರಣ ಭರ್ತೃಹರಿ 'ವಾಕ್ಯಪದೀಯ'ದಲ್ಲಿ ಮಂಡಿಸಿದ ನಿಲುವು. ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಹೆಸರು ಬರುವ ಮುನ್ನವೇ ವಸ್ತುವಿನ ನಿರ್ವಿಕಲ್ಪಕ ಜ್ಞಾನ ಉಂಟಾಗುತ್ತದೆ ಎಂದರು. ವೈಯಾಕರಣರ ಮಾತು ನಿಜವಾದರೆ ಆಕೆಯ ಅರಿವು ಮೂಡಿರುವುದು ಕನ್ನಡ-ತಮಿಳುಗಳಲ್ಲಿ, ಅಳೆಯಬೇಕಾದದ್ದೂ ಅಲ್ಲಿಯೇ. ನೈಯಾಯಿಕರದು ನಿಜವಾದರೆ ಮಾತಿನ ಕೊರತೆಯಿಂದ ಅರಿವಿನ ಕೊರತೆ ಸಿದ್ಧವಾಗುವುದಿಲ್ಲ. ಯಾವ ಪಕ್ಷ ಹಿಡಿದರೂ ಭಾಷೆಯ ತಪ್ಪಿಗೆ ವಿಷಯದ ಅಂಕ ಕಳೆಯುವುದಕ್ಕೆ ಆಧಾರ ಸಿಗದು.

ಧರ್ಮಬೋಧೆಯಲ್ಲಿ ಭಾಷೆಯ ಭಾರವನ್ನು ಬೋಧಿಸುವವರೇ ಹೊತ್ತ ನಿದರ್ಶನಗಳಿವೆ. ತನ್ನ ಮಾತನ್ನು ಛಂದಸ್ಸಿಗೆ, ಅಂದರೆ ವೇದದ ಭಾಷೆಗೆ, ಕಟ್ಟಿಹಾಕಲು ಬುದ್ಧ ಒಪ್ಪಲಿಲ್ಲವೆಂದು ವಿನಯಪಿಟಕ ಹೇಳುತ್ತದೆ. 1606ರಲ್ಲಿ ಮದುರೆಗೆ ಬಂದ ಜೆಸ್ಯೂಟ್ ಪಾದ್ರಿ ರಾಬರ್ಟೊ ಡಿ ನೊಬಿಲಿ ಊರವರಿಗೆ ಲ್ಯಾಟಿನ್ ಕಲಿಸಹೊರಡಲಿಲ್ಲ. ತಾನೇ ತಮಿಳನ್ನೂ ಸಂಸ್ಕೃತವನ್ನೂ ಕಲಿತ. ವಿಶ್ವವಿದ್ಯಾಲಯ ಮಾತ್ರ ಇಡೀ ಹೊರೆಯನ್ನು ಕಲಿಯಬಂದವರ ಮೇಲೆ ಹೊರಿಸಿದೆ.

ಗಾಂಧೀಜಿ 1916ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಸಮಾರಂಭದಲ್ಲಿ, ಇಂಗ್ಲಿಷಿನಲ್ಲಿ ಮಾತನಾಡಬೇಕಾಗಿ ಬಂದದ್ದಕ್ಕೆ ನಾಚಿಕೆಯಾಗುತ್ತದೆ ಎಂದರು. ಅವರ ನಯೀ ತಾಲೀಮ್ ಶಿಕ್ಷಣ ಕ್ರಮದ ಜಾಡಿನಲ್ಲೇ ದಿಂಡಿಗಲ್ ಬಳಿ 1956ರಲ್ಲಿ ಗಾಂಧಿಗ್ರಾಮ ಗ್ರಾಮೀಣ ಸಂಸ್ಥೆ ಹುಟ್ಟಿತು. ಆದರೂ ಇಂಗ್ಲಿಷನ್ನು ತಳ್ಳಿಹಾಕುವುದು ನ್ಯಾಯವಲ್ಲ. ಸಂಸ್ಕೃತ ಯಾರ ಕೈಗೆ ಸಿಗದಂತೆ ಇತ್ತೋ ಅವರಿಗೆ ಇಂಗ್ಲಿಷ್ ವಿದ್ಯೆ ದೊರಕಿಸಿತು. ಅಂಬೇಡ್ಕರರ ಬರಹಗಳೇ ಇದಕ್ಕೆ ಸಾಕ್ಷಿ. ಉನ್ನತ ನ್ಯಾಯಾಲಯಗಳ ಕಲಾಪ, ಸಂಶೋಧನೆಯ ಬಹುಪಾಲು ಇಂದಿಗೂ ಆ ಭಾಷೆಯಲ್ಲಿವೆ.

ಆದ್ದರಿಂದ ಇಂಗ್ಲಿಷ್ ಕಲಿಸುವುದು ವಿಶ್ವವಿದ್ಯಾಲಯದ ಕರ್ತವ್ಯ. ಚೆನ್ನಾಗಿ ಕಲಿಸದೆ ಅದನ್ನು ಷರತ್ತಾಗಿಸುವುದು ಅನ್ಯಾಯ. ಇಂಗ್ಲಿಷ್ ಮಾಧ್ಯಮದವರಿಗೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಅವಕಾಶ ಕೊಡಿ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೋರಿತು. ಆ ಕೋರಿಕೆಯನ್ನು ಎಲ್ಲ ವಿಶ್ವವಿದ್ಯಾಲಯಗಳೂ ನಿಯಮವಾಗಿಸಬೇಕು.